ಮೂಳೆ ಮುರಿತದ ದಾಖಲೆಗೆ ತಂತ್ರಾಂಶ: ಕೋಡಿಗಿಂತ ಮೊದಲು ಉತ್ತರ ಉಳಿಸಿ

ಆರ್ಥೋ ವಿಭಾಗದ ರಿಜಿಸ್ಟರ್ ತೆರೆದರೆ ಡಯಾಗ್ನೋಸಿಸ್ ಕಾಲಮ್ಮಿನಲ್ಲಿ ಕಾಣುವುದು ಹೀಗೆ: ‘# ಐಟಿ ಫೀಮರ್, ಲೆಫ್ಟ್’, ‘# ಬಿಬಿ ಲೆಗ್, ಓಪನ್’, ‘# ಡಿಸ್ಟಲ್ ರೇಡಿಯಸ್’. ಆ ಚಿಹ್ನೆ ಎಂದರೆ ಫ್ರಾಕ್ಚರ್. ಐಟಿ ಎಂದರೆ ಇಂಟರ್‌ಟ್ರೋಕ್ಯಾಂಟೆರಿಕ್, ಸೊಂಟದ ಕೀಲಿನ ಕೆಳಗೆ ತೊಡೆಮೂಳೆಯ ಮೇಲ್ತುದಿಯಲ್ಲಾಗುವ ಮುರಿತ. ಬಿಬಿ ಎಂದರೆ ಎರಡೂ ಮೂಳೆ. ಡಿಸ್ಟಲ್ ರೇಡಿಯಸ್ ಎಂದರೆ ಮಣಿಕಟ್ಟಿನ ಬಳಿಯ ಮುಂಗೈ ಮೂಳೆ. ಬರೆದ ಡಾಕ್ಟರಿಗೆ ಆ ಹೊತ್ತಿಗೆ ಅಷ್ಟು ಸಾಕು. ಆದರೆ ವರ್ಷದ ಕೊನೆಗೆ ‘ಹೊರಗೋಡೆ ತೆಳುವಾಗಿದ್ದ ಐಟಿ ಮುರಿತಗಳಲ್ಲಿ ಪ್ಲೇಟ್ ಹಾಕಿದ್ದು ಎಷ್ಟು, ನೇಯ್ಲ್ ಹಾಕಿದ್ದು ಎಷ್ಟು, ಅವರಲ್ಲಿ ಯಾರನ್ನು ಮತ್ತೆ ಓಟಿಗೆ ತರಬೇಕಾಯಿತು’ ಎಂದು ಕೇಳಿದರೆ ಆ ರಿಜಿಸ್ಟರ್ ಏನೂ ಹೇಳುವುದಿಲ್ಲ. (ಪ್ಲೇಟ್ ಎಂದರೆ ಮೂಳೆಯ ಹೊರಮೈಗೆ ಕೂರಿಸುವ ಪಟ್ಟಿ, ನೇಯ್ಲ್ ಎಂದರೆ ಒಳಗೆ ತೂರಿಸುವ ಕಂಬಿ, ಓಟಿ ಎಂದರೆ ಆಪರೇಷನ್ ಕೋಣೆ.) ಎಕ್ಸ್-ರೇ ಫಿಲ್ಮ್ ರೋಗಿಯ ಮನೆಗೆ ಹೋಗಿರುತ್ತದೆ.

ಮಲೆನಾಡಿನ ಒಂದು ಮಧ್ಯಮ ಗಾತ್ರದ ಆಸ್ಪತ್ರೆಗೆ ಈ ಕೊರತೆ ತುಂಬಲು ಕಟ್ಟಿದ ತಂತ್ರಾಂಶದ ವಿವರ ಇಲ್ಲಿದೆ. ಎಕ್ಸ್-ರೇ ನೋಡಿ ತಾನೇ ಮುರಿತ ಕಂಡುಹಿಡಿಯುವ ಕೆಲಸ ಇದರದ್ದಲ್ಲ. ನೋಡಿ ತೀರ್ಮಾನಿಸುವವರು ಡಾಕ್ಟರು. ಆ ತೀರ್ಮಾನಕ್ಕೆ ಅವರು ಹೇಗೆ ಬಂದರು, ಯಾವ ಚಿತ್ರ ನೋಡಿ ಬಂದರು, ಯಾವಾಗ ಬಂದರು ಎಂಬುದನ್ನು ಕಳೆಯದಂತೆ ಇಡುವುದಷ್ಟೇ ತಂತ್ರಾಂಶದ ಪಾಲು. ಮುರಿತಗಳಿಗೆ ಕೋಡು ಕೊಡುವ ಪದ್ಧತಿ ರೂಪಿಸಿದ, ಶಸ್ತ್ರವೈದ್ಯರ ಎಒ ಸಂಸ್ಥೆಯವರೇ ಎಒಕೋಯಾಕ್ ಎಂಬ ವರ್ಗೀಕರಣ ತಂತ್ರಾಂಶ ಹೊರತಂದಿದ್ದಾರೆ. ಕಲಿಯಲು ಅದು ಒಳ್ಳೆಯದು. ನಮಗೆ ಬೇಕಿದ್ದದ್ದು ಮಾತ್ರ ಬೇರೆ: ನಮ್ಮ ಎಕ್ಸ್-ರೇ ಕೋಣೆಗೆ, ನಮ್ಮ ಎಮ್‌ಎಲ್‌ಸಿ ನಂಬರಿಗೆ (ಪೊಲೀಸ್, ಕೋರ್ಟಿಗೆ ಸಂಬಂಧಿಸಿದ ಕೇಸಿನ ಸಂಖ್ಯೆ), ನಮ್ಮ ಓಟಿ ಪಟ್ಟಿಗೆ ಹೊಂದಿಕೊಂಡು, ಇಂಟರ್ನೆಟ್ ಇಲ್ಲದಾಗಲೂ ನಡೆಯುವ ರಿಜಿಸ್ಟರ್.

ಕೋಡಿನ ಒಳಗೆ ಏನಿದೆ

1958ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಊರಿನಲ್ಲಿ ಕೆಲವು ಶಸ್ತ್ರವೈದ್ಯರು ಸೇರಿ ಎಒ ಕಟ್ಟಿದಾಗ, ಮಾಡಿದ ಪ್ರತಿ ಶಸ್ತ್ರಚಿಕಿತ್ಸೆಯನ್ನೂ ದಾಖಲಿಸಿಡಬೇಕು ಎಂಬುದು ಅವರ ಮೂಲ ಉದ್ದೇಶಗಳಲ್ಲೊಂದಾಗಿತ್ತು. ಅವರಲ್ಲಿ ಒಬ್ಬರಾದ ಮೌರಿಸ್ ಮ್ಯೂಲರ್ ಉದ್ದ ಮೂಳೆಗಳ ಮುರಿತಗಳಿಗೆ ಅಂಕಿ ಮತ್ತು ಅಕ್ಷರಗಳ ವರ್ಗೀಕರಣ ರೂಪಿಸಿದರು. ಅಮೆರಿಕದ ಮೂಳೆ ಶಸ್ತ್ರವೈದ್ಯರ ಸಂಘವಾದ ಒಟಿಎ 1996ರಲ್ಲಿ ಅದನ್ನು ತೆಗೆದುಕೊಂಡು ಉಳಿದ ಮೂಳೆಗಳಿಗೂ ವಿಸ್ತರಿಸಿತು. 2007ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಅದು ಪರಿಷ್ಕರಣೆಯಾಯಿತು. ನಾವು ಕಟ್ಟಿದ್ದು 2018ರ ರೂಪದ ಮೇಲೆ.

ಮೊದಲ ಅಂಕಿ ಮೂಳೆ: 1 ತೋಳಿನದು, 2 ಮುಂಗೈಯದು, 3 ತೊಡೆಯದು, 4 ಕಣಕಾಲಿನದು, ಅಂದರೆ ಮೊಣಕಾಲಿನಿಂದ ಕೆಳಗಿನದು. ಎರಡನೆಯದು ಜಾಗ: 1 ಮೇಲ್ತುದಿ, 2 ನಡುಗಂಬ, 3 ಕೆಳತುದಿ. ಪಾದದ ಕೀಲಿನ ಗಂಟುಗಳಿಗೆ ಮಾತ್ರ 44 ಎಂಬ ಬೇರೆ ಮನೆ. ಆಮೇಲೆ ಎ, ಬಿ, ಸಿ. ನಡುಗಂಬದಲ್ಲಾದರೆ ಎ ಎಂದರೆ ಸರಳ ಮುರಿತ, ಬಿ ಎಂದರೆ ಬೆಣೆಯಾಕಾರದ ತುಂಡು ಎದ್ದದ್ದು, ಸಿ ಎಂದರೆ ಹಲವು ತುಂಡಾದದ್ದು. ಹೆಚ್ಚಿನ ತುದಿಗಳಲ್ಲಾದರೆ ಅದೇ ಅಕ್ಷರಗಳಿಗೆ ಅರ್ಥ ಬೇರೆ: ಕೀಲಿನ ಹೊರಗೆ, ಕೀಲಿನ ಒಂದು ಭಾಗ ಮಾತ್ರ, ಇಡೀ ಕೀಲು ನಡುಗಂಬದಿಂದ ಬೇರ್ಪಟ್ಟದ್ದು. ನಂತರದ ಅಂಕಿ ಗುಂಪು. ಹೀಗೆ 32ಎ3 ಎಂದರೆ ತೊಡೆಮೂಳೆಯ ನಡುಗಂಬ ಅಡ್ಡಕ್ಕೆ ಮುರಿದದ್ದು.

ಇದರ ಹಿಂದೆ ಚೊಕ್ಕವಾದ ಪ್ರಶ್ನೆಗಳ ಸರಣಿ ಇದೆ. ಕೀಲಿನ ಮೇಲ್ಮೈಗೆ ಪೆಟ್ಟಾಗಿದೆಯೇ? ಮುರಿತದ ನಡುಬಿಂದು ಎಲ್ಲಿದೆ? ತುಂಡುಗಳನ್ನು ಮೊದಲಿನಂತೆ ಕೂಡಿಸಿದರೆ ಎರಡು ಮುಖ್ಯ ತುಂಡುಗಳು ಒಂದನ್ನೊಂದು ತಾಗುತ್ತವೆಯೇ? ತಾಗಿದರೆ ಬೆಣೆ, ತಾಗದಿದ್ದರೆ ಹಲವು ತುಂಡಿನ ಮುರಿತ. ಸರಳ ಮುರಿತವಾದರೆ ಸುರುಳಿಯೋ, ಓರೆಯೋ, ಅಡ್ಡವೋ? ಮೂಳೆಯ ಉದ್ದಕ್ಕೆ ಲಂಬವಾಗಿ ಎಳೆದ ಗೆರೆಗೂ ಮುರಿತದ ಗೆರೆಗೂ 30 ಡಿಗ್ರಿ ಅಥವಾ ಹೆಚ್ಚು ಕೋನವಿದ್ದರೆ ಓರೆ, ಕಡಿಮೆಯಾದರೆ ಅಡ್ಡ.

ಕೋಡ್ ಬೇಡ, ಉತ್ತರ ಬೇಕು

ಇಡೀ ತಂತ್ರಾಂಶ ನಿಂತಿರುವುದು ಒಂದೇ ನಿರ್ಧಾರದ ಮೇಲೆ. ಡೇಟಾಬೇಸಿನಲ್ಲಿ ನಾವು ಉಳಿಸುವುದು ‘31ಎ2’ ಎಂಬ ಅಕ್ಷರಗಳನ್ನಲ್ಲ, ಅಲ್ಲಿಗೆ ತಲುಪಿಸಿದ ಪ್ರಶ್ನೆ ಮತ್ತು ಉತ್ತರಗಳನ್ನು. ಕೋಡು ಆ ಉತ್ತರಗಳಿಂದ ಲೆಕ್ಕ ಹಾಕಿ ತೋರಿಸುವ ಫಲಿತಾಂಶ ಮಾತ್ರ.

ಯಾಕೆಂದರೆ ಕೋಡಿನ ಅರ್ಥ ಬದಲಾಗುತ್ತದೆ. 2007ರ ರೂಪದಲ್ಲಿ 31ಎ2.1 ಎಂಬ ಉಪಗುಂಪು ಇತ್ತು. 2018ರಲ್ಲಿ ಆ ಬಗೆಯ ಮುರಿತವನ್ನು 31ಎ1.3 ಎಂಬಲ್ಲಿಗೆ ಸರಿಸಿದರು, ಎ2.1 ಎಂಬುದೇ ಉಳಿಯಲಿಲ್ಲ. ಎ1ಕ್ಕೂ ಎ2ಕ್ಕೂ ನಡುವಿನ ಗಡಿ ತೊಡೆಮೂಳೆಯ ಹೊರಗೋಡೆಯ ದಪ್ಪ ಎಂದಾಯಿತು: 20.5 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಗೋಡೆ ಗಟ್ಟಿ, ಅಷ್ಟೇ ಇದ್ದರೆ ಅಥವಾ ಕಡಿಮೆಯಿದ್ದರೆ ನೆಚ್ಚುವಂತಿಲ್ಲ. ಹಳೆಯ ಪಟ್ಟಿಯಲ್ಲಿ ‘ಎ2’ ಎಂದು ಬರೆದಿದ್ದವರನ್ನೂ ಹೊಸ ಪಟ್ಟಿಯ ‘ಎ2’ ಎಂದಿರುವವರನ್ನೂ ಒಂದೇ ಗುಂಪಾಗಿ ಎಣಿಸಿದರೆ ಲೆಕ್ಕವೇ ಹದಗೆಡುತ್ತದೆ. ಇಂಪ್ಲಾಂಟ್ ಆರಿಸುವಾಗ ನೋಡುವುದೇ ಆ ಗೋಡೆಯನ್ನು. ಹಾಗಾಗಿ ಇದು ಪಟ್ಟಿಯ ಅಂದದ ಪ್ರಶ್ನೆಯಲ್ಲ.

ಮುಂಗೈಯದ್ದು ಇನ್ನೊಂದು ಉದಾಹರಣೆ. 2007ರಲ್ಲಿ ಎರಡೂ ಮೂಳೆ ಸರಳವಾಗಿ ಮುರಿದಿದ್ದರೆ 22ಎ3 ಎಂಬ ಒಂದೇ ಕೋಡು. 2018ರಲ್ಲಿ ಮುಂಗೈಯ ಎರಡು ಮೂಳೆಗಳಾದ ರೇಡಿಯಸ್ಸಿಗೂ ಅಲ್ನಾಗೂ ಬೇರೆ ಬೇರೆ ಕೋಡು: 2ಆರ್2 ಒಂದು, 2ಯು2 ಇನ್ನೊಂದು. ಕಣಕಾಲಿನ ತೆಳು ಮೂಳೆ ಫಿಬುಲಾಗೂ ಈಗ 4ಎಫ್ ಎಂಬ ಸ್ವಂತ ಜಾಗ ಸಿಕ್ಕಿದೆ. ರಿಜಿಸ್ಟರಿನ ಒಂದು ‘# ಬಿಬಿ ಲೆಗ್’ ಸಾಲು ನಮ್ಮ ಟೇಬಲ್ಲಿನಲ್ಲಿ ಎರಡು ಸಾಲಾಗಬೇಕು. ಆದ್ದರಿಂದ ರೋಗಿ, ಪೆಟ್ಟು, ಮೂಳೆ ಎಂದು ಮೂರು ಹಂತ ಮಾಡಿದೆವು. ಒಂದು ಪೆಟ್ಟಿಗೆ ಎಷ್ಟು ಮೂಳೆ ಬೇಕಾದರೂ ಸೇರಬಹುದು. ಬೈಕ್ ಅಪಘಾತದಲ್ಲಿ ತೊಡೆ, ಕಣಕಾಲು, ಮಣಿಕಟ್ಟು ಮೂರೂ ಹೋದವರು ಬರುತ್ತಾರೆ. ಅವರದ್ದು ಒಂದೇ ಪೆಟ್ಟು, ಹಲವು ಮುರಿತ.

ಪ್ರಶ್ನೆಗಳ ಮರವನ್ನು ಪ್ರೋಗ್ರಾಮಿನ ಒಳಗೆ ಬರೆಯದೆ ಬೇರೆ ಫೈಲಿನಲ್ಲಿಟ್ಟೆವು. ಸ್ಪ್ರೆಡ್‌ಶೀಟಿನಲ್ಲಿ ತೆರೆದರೆ ಪ್ರತಿ ಸಾಲಿನಲ್ಲಿ ಒಂದು ಪ್ರಶ್ನೆ, ಅದರ ಆಯ್ಕೆಗಳು, ಆ ಆಯ್ಕೆಯಿಂದ ಹೋಗುವ ಮುಂದಿನ ಪ್ರಶ್ನೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿಲ್ಲದ ಡಾಕ್ಟರು ಅದನ್ನು ಓದಿ ಕೆಂಪಿನಲ್ಲಿ ತಿದ್ದಿ ಕೊಟ್ಟರು. ಇದರಷ್ಟು ಸಮಯ ಉಳಿಸಿದ ಕೆಲಸ ಈ ಯೋಜನೆಯಲ್ಲಿ ಮತ್ತೊಂದಿಲ್ಲ. 2007ರ ಮರ ಒಂದು ಫೈಲು, 2018ರದ್ದು ಇನ್ನೊಂದು. ಬೇಕಾದ ಉತ್ತರಗಳೆಲ್ಲ ಇದ್ದರೆ ಎರಡೂ ಕೋಡನ್ನು ಪಕ್ಕಪಕ್ಕದಲ್ಲಿ ತೋರಿಸಬಹುದು. ಮುಂದೆ ಇನ್ನೊಂದು ಪರಿಷ್ಕರಣೆ ಬಂದರೆ ಹಳೆಯ ರೋಗಿಗಳ ಉತ್ತರಗಳನ್ನು ಹೊಸ ಮರದಲ್ಲಿ ಹಾಯಿಸಬಹುದು. ಎಲ್ಲಿ ಉತ್ತರ ಸಾಲದೋ ಅಂಥವರ ಫಿಲ್ಮ್ ಮಾತ್ರ ಮತ್ತೆ ನೋಡಿದರೆ ಆಯಿತು.

‘ಗೊತ್ತಾಗುತ್ತಿಲ್ಲ’ ಎಂಬ ಗುಂಡಿ ಒಂದನ್ನು ಬಿಟ್ಟು ಪ್ರತಿ ಪ್ರಶ್ನೆಗೂ ಇದೆ. ಮೊಣಕಾಲಿನ ಬಳಿಯ ತೊಡೆಮೂಳೆ ಪುಡಿಯಾಗಿದ್ದರೆ ಬರೀ ಎಕ್ಸ್-ರೇಯಲ್ಲಿ 33ಸಿ ಎಂದು ಹೇಳಬಹುದು, ಅದರ ಮುಂದಿನ ಅಂಕಿಗೆ ಸಿಟಿ ಸ್ಕ್ಯಾನ್ ಬೇಕು. ಆಗ ಕೋಡು 33ಸಿಯಲ್ಲೇ ನಿಲ್ಲುತ್ತದೆ. ಪೂರ್ತಿ ತುಂಬದೆ ಮುಂದೆ ಹೋಗಲು ಬಿಡದ ಫಾರಂಗಳಲ್ಲಿ ಜನ ಏನೋ ಒಂದನ್ನು ಒತ್ತಿ ಮುಂದೆ ಹೋಗುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದಿಡುವುದು ಅದಕ್ಕಿಂತ ಸಾವಿರ ಪಾಲು ಮೇಲು.

ಚೌಕ ಎಳೆಯುವ ಸಲಕರಣೆ

ತುದಿ ಎಲ್ಲಿ ಮುಗಿಯಿತು, ನಡುಗಂಬ ಎಲ್ಲಿ ಶುರುವಾಯಿತು ಎಂಬುದಕ್ಕೆ ಎಒ ನಿಯಮ ಸರಳ. ಮೂಳೆಯ ತುದಿಯ ಅತಿ ಅಗಲದ ಭಾಗ ಎಷ್ಟಿದೆಯೋ ಅಷ್ಟೇ ಬದಿಯ ಚೌಕವನ್ನು ಎಳೆಯಬೇಕು. ಅದರೊಳಗೆ ಬಂದದ್ದು ತುದಿ. ತೆರೆಯ ಮೇಲೆ ಡಾಕ್ಟರು ಅಗಲದ ಎರಡು ಬಿಂದು ಒತ್ತಿದರೆ ಚೌಕ ತಾನೇ ಮೂಡುತ್ತದೆ, ಮೂಳೆಯ ಉದ್ದಕ್ಕೆ ಸರಿಯಾಗಿ ತಿರುಗಿಸಬಹುದು. ಮುಂಗೈ ಮತ್ತು ಕಣಕಾಲಿನಲ್ಲಿ ಎರಡೂ ಮೂಳೆ ಚೌಕದೊಳಗೆ ಬರಬೇಕು. 31ಕ್ಕೆ ಮತ್ತು 44ಕ್ಕೆ ಈ ನಿಯಮವಿಲ್ಲ: ತೊಡೆಮೂಳೆಯ ಮೇಲ್ತುದಿ ಚಿಕ್ಕ ಟ್ರೋಕ್ಯಾಂಟರಿನ (ಮೂಳೆಯ ಒಳಬದಿಯ ಚಿಕ್ಕ ಉಬ್ಬು) ಕೆಳ ಅಂಚಿಗೆ ಎಳೆದ ಅಡ್ಡಗೆರೆಯಲ್ಲಿ ಮುಗಿಯುತ್ತದೆ. ಮುರಿತದ ನಡುಬಿಂದುವನ್ನು ಗುರುತಿಸಲೂ ಒಂದು ಒತ್ತು. ಬೆಣೆಯಿದ್ದರೆ ಬೆಣೆ ಎಲ್ಲಿ ಅತಿ ಅಗಲವೋ ಅಲ್ಲಿ ಒತ್ತಬೇಕು.

ಈ ಬಿಂದುಗಳ ಸ್ಥಾನವನ್ನೂ ಉಳಿಸುತ್ತೇವೆ. ಆರು ತಿಂಗಳ ಮೇಲೆ ‘ಇದನ್ನು 33 ಎನ್ನದೆ 32 ಎಂದದ್ದು ಯಾಕೆ’ ಎಂದು ಯಾರಾದರೂ ಕೇಳಿದರೆ ಚಿತ್ರದ ಮೇಲೆಯೇ ಆ ಚೌಕ ತೋರಿಸಬಹುದು. ಎಒ ಪುಸ್ತಕದ ಚಿತ್ರಗಳಿಗೆ ಹಕ್ಕುಸ್ವಾಮ್ಯವಿದೆ, ಆದ್ದರಿಂದ ತೆರೆಯ ಮೇಲಿನ ಗೆರೆಚಿತ್ರಗಳನ್ನೆಲ್ಲ ನಾವೇ ಬಿಡಿಸಿದೆವು.

20.5 ಮಿಲಿಮೀಟರ್ ಅಳೆಯುವ ಪಾಡು

ಈ ಯೋಜನೆಯಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಭಾಗ ಇದು. ಹೊರಗೋಡೆಯ ದಪ್ಪವನ್ನು ಅಳೆಯುವ ವಿಧಾನ ನಿಗದಿಯಾಗಿದೆ: ದೊಡ್ಡ ಟ್ರೋಕ್ಯಾಂಟರಿನ (ಮೂಳೆಯ ಹೊರಬದಿಯ ದೊಡ್ಡ ಉಬ್ಬು) ಇನ್ನೋಮಿನೇಟ್ ಎಂಬ ಗಂಟಿನಿಂದ 3 ಸೆಂಟಿಮೀಟರ್ ಕೆಳಗೆ ಬಂದು, ಅಲ್ಲಿಂದ 135 ಡಿಗ್ರಿ ಕೋನದಲ್ಲಿ ಮೇಲಕ್ಕೆ ಮುರಿತದ ಗೆರೆಯವರೆಗೆ. ತೆರೆಯ ಮೇಲೆ ಗೆರೆ ಎಳೆಯುವುದು ಸುಲಭ. ಗೆರೆಯ ಉದ್ದ ನಿಜವಾಗಿ ಎಷ್ಟು ಮಿಲಿಮೀಟರ್ ಎಂಬುದೇ ತೊಡಕು.

ಎಕ್ಸ್-ರೇ ಯಂತ್ರ ಕೊಡುವ ಡೈಕಾಮ್ ಎಂಬ ಮಾದರಿಯ ಚಿತ್ರದ ಫೈಲಿನಲ್ಲಿ ಪಿಕ್ಸೆಲ್ ಅಂತರದ ಎರಡು ಟ್ಯಾಗ್‌ಗಳಿವೆ. ಒಂದು ‘ಪಿಕ್ಸೆಲ್ ಸ್ಪೇಸಿಂಗ್’, ಅಂದರೆ 0028,0030. ಇನ್ನೊಂದು ‘ಇಮೇಜರ್ ಪಿಕ್ಸೆಲ್ ಸ್ಪೇಸಿಂಗ್’, 0018,1164. ಸಾಮಾನ್ಯ ಎಕ್ಸ್-ರೇಯಲ್ಲಿ ಎರಡನೆಯದು ಹೇಳುವುದು ಕ್ಯಾಸೆಟ್ಟಿನ ಮೇಲೆ ಬಿದ್ದ ನೆರಳಿನ ಅಳತೆಯನ್ನು, ಮೂಳೆಯ ಅಳತೆಯನ್ನಲ್ಲ. ಟ್ಯೂಬಿನಿಂದ ಕ್ಯಾಸೆಟ್ಟಿಗೆ 100 ಸೆಂಟಿಮೀಟರ್ ಇದ್ದು ಮೂಳೆ ಕ್ಯಾಸೆಟ್ಟಿನಿಂದ 10 ಸೆಂಟಿಮೀಟರ್ ಮೇಲಿದ್ದರೆ ನೆರಳು 100 ಭಾಗಿಸು 90, ಅಂದರೆ 1.11 ಪಟ್ಟು ದೊಡ್ಡದು. ನಿಜಕ್ಕೂ 20.5 ಮಿಲಿಮೀಟರ್ ಇರುವ ಗೋಡೆ 22.8 ಎಂದು ಕಾಣುತ್ತದೆ. ತೆಳು ಗೋಡೆ ಗಟ್ಟಿ ಎನಿಸಿಬಿಡುತ್ತದೆ. ದಪ್ಪ ಮೈಯವರಲ್ಲಿ ಮೂಳೆ ಇನ್ನೂ ಮೇಲಿರುತ್ತದೆ, ವ್ಯತ್ಯಾಸ ಇನ್ನೂ ಹೆಚ್ಚು.

ಪರಿಹಾರ ಹಳೆಯದೇ. ಅಳತೆ ಗೊತ್ತಿರುವ 25 ಮಿಲಿಮೀಟರ್ ಉಕ್ಕಿನ ಗುಂಡನ್ನು ಮೂಳೆಯ ಮಟ್ಟದಲ್ಲಿಟ್ಟು ಎಕ್ಸ್-ರೇ ತೆಗೆಯುವುದು. ತೆರೆಯ ಮೇಲೆ ಗುಂಡಿನ ಅಂಚು ಒತ್ತಿದರೆ ತಂತ್ರಾಂಶ ಸರಿಯಾದ ಅಳತೆಗೆ ಬರುತ್ತದೆ. ಗುಂಡು ಇಲ್ಲದ ಚಿತ್ರದಲ್ಲಿ ಅಳತೆಯ ಪಕ್ಕ ‘ಹೊಂದಿಸದ ಅಳತೆ’ ಎಂದು ಹಳದಿಯಲ್ಲಿ ಬರುತ್ತದೆ, ದಾಖಲೆಯಲ್ಲೂ ಹಾಗೆಯೇ ಉಳಿಯುತ್ತದೆ. ಆಗ ಗೋಡೆ ಗಟ್ಟಿಯೋ ಅಲ್ಲವೋ ಎಂಬುದನ್ನು ಡಾಕ್ಟರು ಒತ್ತಬೇಕು. ತಂತ್ರಾಂಶ ತಾನಾಗಿ ಹೇಳುವುದಿಲ್ಲ. ವ್ಯೂ ಬಾಕ್ಸಿನ ಮೇಲಿಟ್ಟ ಫಿಲ್ಮನ್ನು ಮೊಬೈಲಿನಲ್ಲಿ ಹೊಡೆದ ಫೋಟೋದಲ್ಲಂತೂ ಅಳತೆಯ ಸಲಕರಣೆಯನ್ನೇ ಮುಚ್ಚಿಬಿಟ್ಟೆವು.

ಚಿತ್ರ ಬರುವ ದಾರಿ

ಸರ್ವರ್ ಆಗಿ ಇಟ್ಟದ್ದು ಆಫೀಸಿನಲ್ಲಿ ಮೂಲೆಗೆ ಸೇರಿದ್ದ ಒಂದು ಡೆಸ್ಕ್‌ಟಾಪ್, ಒಂದೇ ಮಾಹಿತಿ ಎರಡರಲ್ಲೂ ಬರೆಯುವ ಎರಡು ಹಾರ್ಡ್ ಡಿಸ್ಕ್, ಯುಪಿಎಸ್. ಮಳೆಗಾಲದಲ್ಲಿ ಕರೆಂಟು ಹೋಗುವುದು ಇಲ್ಲಿ ದಿನದ ಸಂಗತಿ, ಹಾಗಾಗಿ ಯುಪಿಎಸ್ ಮೊದಲು, ಉಳಿದದ್ದು ಆಮೇಲೆ. ಅದರಲ್ಲಿ ಓಡುವುದು ಆರ್ಥ್ಯಾಂಕ್, ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹುಟ್ಟಿದ, ಚಿತ್ರಗಳನ್ನು ಪಡೆದು ಇಡುವ ಮುಕ್ತ ತಂತ್ರಾಂಶ. ಎಕ್ಸ್-ರೇ ಯಂತ್ರ ಅದಕ್ಕೆ 4242ನೇ ಪೋರ್ಟಿನಲ್ಲಿ ಚಿತ್ರ ಕಳಿಸುತ್ತದೆ. ನಮ್ಮ ಪ್ರೋಗ್ರಾಮ್ 8042ರಲ್ಲಿ ಅದನ್ನು ಕೇಳಿ ಪಡೆಯುತ್ತದೆ. 60 ಸೆಕೆಂಡು ಹೊಸ ಚಿತ್ರ ಬರದಿದ್ದರೆ ಆ ರೋಗಿಯ ತಪಾಸಣೆ ಪೂರ್ತಿಯಾಯಿತೆಂದು ಆರ್ಥ್ಯಾಂಕ್ ಸೂಚನೆ ಕೊಡುತ್ತದೆ. ಆಗ ಡಾಕ್ಟರ ತೆರೆಯಲ್ಲಿ ಹೊಸ ಸಾಲು ಮೂಡುತ್ತದೆ.

ಯಂತ್ರದಿಂದ ಬಂದ ಮಾಹಿತಿಯಲ್ಲಿ ಎರಡು ದೋಷ ಸಿಕ್ಕವು. ಗಡಿಯಾರ ತಪ್ಪಾಗಿತ್ತು, ಅದನ್ನು ಸರ್ವರಿನ ಸಮಯಕ್ಕೆ ಜೋಡಿಸಿದೆವು. ಬಲವೋ ಎಡವೋ ಹೇಳುವ ಟ್ಯಾಗ್ ಖಾಲಿ ಬರುತ್ತಿತ್ತು. ಟೆಕ್ನಿಷಿಯನ್ನರನ್ನು ಕೇಳಿದರೆ, “ಸರ್, ಆರ್‌ಟಿಎ ಬಂದ್ರೆ ಒಂದೇ ಸಲ ನಾಲ್ಕು ಜನ ಇರ್ತಾರೆ, ಅಲ್ಲಿ ಟೈಪ್ ಮಾಡೋಕೆ ಪುರುಸೊತ್ತೆಲ್ಲಿ? ಸೀಸದ ಮಾರ್ಕರ್ ಮಾತ್ರ ತಪ್ಪದೆ ಇಡ್ತೀವಿ” ಎಂದರು. (ಆರ್‌ಟಿಎ ಎಂದರೆ ರಸ್ತೆ ಅಪಘಾತ.) ನ್ಯಾಯವಾದ ಮಾತು. ಆದ್ದರಿಂದ ಬದಿಯನ್ನು ಎರಡು ಕಡೆ ಕೇಳುತ್ತೇವೆ. ನೋಂದಣಿಯಲ್ಲಿ ಸಿಸ್ಟರ್ ರೋಗಿಯನ್ನು ನೋಡಿ ತುಂಬುತ್ತಾರೆ. ಡಾಕ್ಟರು ಚಿತ್ರದ ಮೇಲಿನ ಸೀಸದ ಗುರುತು ನೋಡಿ ಒತ್ತುತ್ತಾರೆ. ಎರಡೂ ಹೊಂದದಿದ್ದರೆ ದಾಖಲೆ ಮುಂದೆ ಹೋಗುವುದಿಲ್ಲ. ಉಳಿದೆಲ್ಲ ಕಡೆ ‘ಗೊತ್ತಾಗುತ್ತಿಲ್ಲ’ ಎನ್ನಬಹುದು, ಇಲ್ಲಿ ಮಾತ್ರ ಇಲ್ಲ. ತೆರೆಯ ಮೇಲಿನ ದೇಹದ ಚಿತ್ರ ನಮ್ಮತ್ತ ಮುಖ ಮಾಡಿ ನಿಂತಿರುವುದರಿಂದ ಅದರ ಎರಡು ಪಕ್ಕದಲ್ಲೂ ‘ರೋಗಿಯ ಬಲ’, ‘ರೋಗಿಯ ಎಡ’ ಎಂದು ದೊಡ್ಡದಾಗಿ ಬರೆದಿದೆ.

ಅಳಿಸಲಾಗದ ಸಾಲುಗಳು

ಚರ್ಮ ಸೀಳಿ ಮೂಳೆ ಹೊರಗೆ ತೆರೆದುಕೊಂಡ ಮುರಿತಗಳಿಗೆ ಗಸ್ಟಿಲೋ ಮತ್ತು ಆ್ಯಂಡರ್ಸನ್ 1976ರಲ್ಲಿ ಮೂರು ದರ್ಜೆ ಮಾಡಿದರು. 1984ರಲ್ಲಿ ಮೂರನೆಯದು ಎ, ಬಿ, ಸಿ ಎಂದು ಒಡೆಯಿತು. ಗಾಯ 1 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಒಂದನೇ ದರ್ಜೆ ಎಂದು ಕ್ಯಾಶುವಾಲ್ಟಿಯಲ್ಲಿ ಬರೆಯುತ್ತಾರೆ. ಆದರೆ ಓಟಿಯಲ್ಲಿ ಗಾಯ ತೊಳೆದು, ಸತ್ತ ಮಾಂಸ ತೆಗೆದು ನೋಡಿದಾಗ ಒಳಗಿನ ಹಾನಿ ಬೇರೆಯೇ ಇರಬಹುದು. ನಿಜವಾದ ದರ್ಜೆ ಓಟಿಯದ್ದೇ. ಹಾಗೆಂದು ಮೊದಲಿನದನ್ನು ಅಳಿಸಿ ಅದರ ಮೇಲೆ ಬರೆದರೆ, ಕ್ಯಾಶುವಾಲ್ಟಿಯಲ್ಲಿ ಒಂದು ಎಂದುಕೊಂಡ ಗಾಯಗಳಲ್ಲಿ ಎಷ್ಟು ಮೂರಕ್ಕೇರಿದವು ಎಂಬುದು ಯಾರಿಗೂ ತಿಳಿಯದೇ ಹೋಗುತ್ತದೆ. ಮೊದಲ ಆ್ಯಂಟಿಬಯೋಟಿಕ್ ಕೊಟ್ಟ ಹೊತ್ತನ್ನೂ ಇದೇ ಪುಟದಲ್ಲಿ ಕೇಳುತ್ತೇವೆ.

ಹೀಗಾಗಿ ಉತ್ತರಗಳ ಟೇಬಲ್ಲಿನಲ್ಲಿ ತಿದ್ದುವುದಕ್ಕೂ ಅಳಿಸುವುದಕ್ಕೂ ಅವಕಾಶವಿಲ್ಲ. ಡೇಟಾಬೇಸ್ ಎಸ್‌ಕ್ಯೂಲೈಟ್, ಅದರ ಟ್ರಿಗರ್‌ಗಳು (ತಾವಾಗಿಯೇ ಜಾರಿಯಾಗುವ ನಿಯಮಗಳು) ಅಂಥ ಯಾವ ಪ್ರಯತ್ನವನ್ನೂ ತಳ್ಳಿಹಾಕುತ್ತವೆ. ತಿದ್ದುಪಡಿ ಎಂದರೆ ಹೊಸ ಸಾಲು: ಯಾರು, ಯಾವಾಗ, ಯಾವ ಚಿತ್ರ ನೋಡಿ, ಯಾವ ಹಳೆಯ ಸಾಲಿನ ಬದಲಿಗೆ. ಎಮ್‌ಎಲ್‌ಸಿ ಕೇಸು ಕೋರ್ಟಿಗೆ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ಎಸ್‌ಕ್ಯೂಲೈಟ್ ಬಳಸುವವರಿಗೆ ಮೂರು ಮಾತು. ಟೇಬಲ್ಲುಗಳ ನಡುವಿನ ಫಾರಿನ್ ಕೀ ತಪಾಸಣೆ ಸಾಮಾನ್ಯವಾಗಿ ಆಫ್ ಆಗಿರುತ್ತದೆ, ಪ್ರತಿ ಸಂಪರ್ಕದಲ್ಲೂ ಆನ್ ಮಾಡಬೇಕು. ಬದಲಾವಣೆಗಳನ್ನು ಮೊದಲು ಬೇರೆ ಫೈಲಿನಲ್ಲಿ ಬರೆಯುವ ವಾಲ್ ವಿಧಾನ ಆನ್ ಮಾಡಿದ್ದರೆ ಓಡುತ್ತಿರುವ ಡೇಟಾಬೇಸ್ ಫೈಲೊಂದನ್ನೇ ನಕಲು ಮಾಡಿ ಬ್ಯಾಕಪ್ ಎನ್ನಬೇಡಿ, ಅದರದ್ದೇ ಬ್ಯಾಕಪ್ ಸೌಲಭ್ಯ ಬಳಸಿ. ಮತ್ತು ಲೈಕ್ ಎಂಬ ಆಜ್ಞೆ ಬಳಸಿ ಹುಡುಕಿದರೆ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಒಂದೇ ಎಂದು ಅದು ತಿಳಿಯುತ್ತದೆ. ಎಒ ಕೋಡಿನಲ್ಲಿ ದೊಡ್ಡ ಬಿ ಎಂದರೆ ಬೆಣೆ, ಆವರಣದೊಳಗಿನ ಚಿಕ್ಕ ಬಿ ಎಂದರೆ ನಡುಗಂಬದ ಮಧ್ಯದ ಮೂರನೇ ಒಂದು ಭಾಗ. ಕೋಡನ್ನು ಬಿಡಿಸಿ ಬೇರೆ ಬೇರೆ ಕಾಲಮ್ಮಿನಲ್ಲಿಡಲು ಇದೂ ಒಂದು ಕಾರಣ.

ಇಲ್ಲಿನ ಪ್ರಶ್ನೆಗಳು

ಪೆಟ್ಟು ಹೇಗಾಯಿತು ಎಂಬ ಪಟ್ಟಿಯನ್ನು ಯಾವ ಪುಸ್ತಕದಿಂದಲೂ ತರಲಿಲ್ಲ, ಸಿಸ್ಟರ್‌ಗಳ ಜೊತೆ ಕೂತು ಮಾಡಿದೆವು. ಬೈಕ್, ಜಾರಿ ಬಿದ್ದದ್ದು, ಅಡಿಕೆ ಮರದಿಂದ ಬಿದ್ದದ್ದು, ಬೇರೆ ಮರದಿಂದ ಬಿದ್ದದ್ದು, ದನ ಗುದ್ದಿದ್ದು, ಯಂತ್ರಕ್ಕೆ ಸಿಕ್ಕಿದ್ದು. ಅಡಿಕೆ ಮರದಿಂದ ಬಿದ್ದವರು ಎಂದು ಒತ್ತಿದರೆ ಹಿಮ್ಮಡಿ ಮತ್ತು ಬೆನ್ನುಮೂಳೆ ನೋಡಿದಿರಾ ಎಂದು ತಂತ್ರಾಂಶ ಕೇಳುತ್ತದೆ. ಎತ್ತರದಿಂದ ಕಾಲೂರಿ ಬಿದ್ದವರಲ್ಲಿ ಇವೆರಡೂ ಒಟ್ಟಿಗೆ ಮುರಿಯುವುದುಂಟು, ಹಿಮ್ಮಡಿಯ ನೋವಿನಲ್ಲಿ ಬೆನ್ನು ಮರೆತುಹೋಗುವುದೂ ಉಂಟು.

ಇನ್ನೊಂದು ಪ್ರಶ್ನೆ: ಇಲ್ಲಿಗೆ ಬರುವ ಮೊದಲು ಕಟ್ಟು ಕಟ್ಟಿಸಿದ್ದರೇ? ನಾಟಿ ವೈದ್ಯರ ಕಟ್ಟೋ, ಆಂಧ್ರದ ಪುತ್ತೂರಿನ ಕಟ್ಟೋ, ಎಷ್ಟು ದಿನದ ಹಿಂದೆ, ಬೆರಳುಗಳಲ್ಲಿ ಜೋಮು ಇದೆಯೇ. ಬಿಗಿ ಕಟ್ಟಿನಿಂದ ರಕ್ತ ಓಡಾಟ ನಿಂತು ಕೈಯ ಸ್ನಾಯು ಸಾಯುವ ಅಪಾಯ ಮಕ್ಕಳ ಮೊಣಕೈ ಮುರಿತದಲ್ಲಿ ದೊಡ್ಡದು. ಈ ಪ್ರಶ್ನೆಯನ್ನು ಬೈಗುಳದಂತೆ ಕೇಳಿದರೆ ಮನೆಯವರು ‘ಇಲ್ಲ’ ಎಂದುಬಿಡುತ್ತಾರೆ. ‘ಮೊದಲು ಎಲ್ಲಿ ತೋರಿಸಿದಿರಿ ಅಜ್ಜಿ?’ ಎಂದು ಕೇಳಿದರೆ ಹೇಳುತ್ತಾರೆ. ತೆರೆಯ ಮೇಲೂ ಹಾಗೆಯೇ ಬರೆದಿದೆ.

ಇಬ್ಬರು ನೋಡಿದಾಗ

ವರ್ಗೀಕರಣದ ಮಟ್ಟ ಆಳವಾದಷ್ಟೂ ನೋಡುವವರ ನಡುವೆ ಒಮ್ಮತ ಕಡಿಮೆಯಾಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡದ್ದು. ಅದನ್ನು ನಮ್ಮಲ್ಲೇ ನೋಡಲು ತಂತ್ರಾಂಶಕ್ಕೆ ಒಂದು ವಿಧಾನ ಸೇರಿಸಿದೆವು: ಹೆಸರು ಮುಚ್ಚಿದ ಚಿತ್ರಗಳನ್ನು ಇಬ್ಬರು ಡಾಕ್ಟರಿಗೆ ಬೇರೆ ಬೇರೆ ಕ್ರಮದಲ್ಲಿ ತೋರಿಸಿ, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದಂತೆ ಇಡುವುದು. ಆಮೇಲೆ 1960ರಲ್ಲಿ ಕೋಹೆನ್ ಕೊಟ್ಟ ಕಪ್ಪಾ ಲೆಕ್ಕ, ಅಂದರೆ ಆಕಸ್ಮಿಕವಾಗಿ ಹೊಂದುವುದನ್ನು ಕಳೆದು ಉಳಿದ ಒಮ್ಮತ.

ಎ, ಬಿ, ಸಿ ಮಟ್ಟದಲ್ಲಿ ಇಬ್ಬರೂ ಹೆಚ್ಚು ಕಡೆ ಹೊಂದಿದರು, ಕೊನೆಯ ಅಂಕಿಯಲ್ಲಿ ದೂರವಾದರು. ಬರೀ ಕೋಡು ಇಟ್ಟಿದ್ದರೆ ಇಷ್ಟೇ ತಿಳಿಯುತ್ತಿತ್ತು. ಉತ್ತರಗಳಿದ್ದುದರಿಂದ ಯಾವ ಪ್ರಶ್ನೆಯಲ್ಲಿ ದಾರಿ ಬೇರೆಯಾಯಿತು ಎಂಬುದೂ ಕಂಡಿತು. ಬಹುಪಾಲು ಅದು ‘ಮುಖ್ಯ ತುಂಡುಗಳು ತಾಗುತ್ತವೆಯೇ’ ಎಂಬ ಒಂದೇ ಪ್ರಶ್ನೆ. ಒಬ್ಬರು ಈಗಿನ ಸ್ಥಿತಿ ನೋಡಿ ಉತ್ತರಿಸುತ್ತಿದ್ದರು, ಇನ್ನೊಬ್ಬರು ಕೂಡಿಸಿದ ಮೇಲಿನದನ್ನು ಊಹಿಸಿ. ಪ್ರಶ್ನೆಯ ವಾಕ್ಯವನ್ನು ‘ಕೂಡಿಸಿದ ಮೇಲೆ’ ಎಂದು ಶುರುವಾಗುವಂತೆ ಬದಲಿಸಿ, ಪಕ್ಕದಲ್ಲಿ ಗೆರೆಚಿತ್ರ ಇಟ್ಟೆವು. ಹಿರಿಯ ಡಾಕ್ಟರು ಅಂದರು: “ನಾನು ಎ ಅಂದೆನೋ ಬಿ ಅಂದೆನೋ ಬಿಡಿ, ಯಾಕೆ ಅಂದೆ ಅನ್ನೋದು ಇಷ್ಟು ವರ್ಷ ಎಲ್ಲೂ ಬರೆದಿಟ್ಟಿರಲಿಲ್ಲ.”

ಪಾಠಕ್ಕೆಂದು ಚಿತ್ರ ಹೊರಗೆ ಕೊಡುವಾಗ ಟ್ಯಾಗುಗಳಲ್ಲಿರುವ ಹೆಸರು ತೆಗೆದರೆ ಸಾಲದು, ಚಿತ್ರದ ಮೇಲೆಯೇ ಅಚ್ಚಾಗಿರುವ ಹೆಸರನ್ನೂ ಮುಚ್ಚಬೇಕು. ಅದನ್ನು ಸೂಚಿಸುವ ಡೈಕಾಮ್ ಟ್ಯಾಗ್ ಇದ್ದರೂ ಯಂತ್ರ ಅದನ್ನು ತುಂಬಿರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಪ್ರತಿ ಚಿತ್ರವನ್ನೂ ಒಬ್ಬರು ಕಣ್ಣಾರೆ ನೋಡಿ ಒಪ್ಪಿದ ಮೇಲಷ್ಟೇ ಹೊರಹೋಗುತ್ತದೆ.

ಈಗ ಕೈಯಲ್ಲಿರುವುದು ಮಕ್ಕಳ ಮುರಿತಗಳ ಪ್ರಶ್ನೆಮರ. ಮಕ್ಕಳ ಮೂಳೆಗೆ ಎಒದ ವರ್ಗೀಕರಣವೇ ಬೇರೆ. ಬೆಳವಣಿಗೆಯ ಫಲಕಕ್ಕೆ (ತುದಿಯ ಬಳಿ ಮೂಳೆ ಉದ್ದವಾಗುವ ಮೃದು ಪದರ) ತಾಗಿದ ಮುರಿತಗಳಿಗೆ 1963ರ ಸಾಲ್ಟರ್-ಹ್ಯಾರಿಸ್ ದರ್ಜೆಗಳನ್ನು ಡಾಕ್ಟರು ಇಂದಿಗೂ ಬಳಸುತ್ತಾರೆ, ಹಾಗಾಗಿ ಎರಡನ್ನೂ ಸೇರಿಸುತ್ತಿದ್ದೇವೆ. ಯಾವ ಮರಕ್ಕೆ ಹೋಗಬೇಕೆಂಬುದನ್ನು ವಯಸ್ಸಿನಿಂದ ನಿರ್ಧರಿಸುವುದಿಲ್ಲ. ‘ಬೆಳವಣಿಗೆಯ ಫಲಕ ಇನ್ನೂ ತೆರೆದಿದೆಯೇ’ ಎಂದು ಚಿತ್ರದ ಮೇಲೆಯೇ ಕೇಳುತ್ತೇವೆ. ಹದಿನೈದರ ಹುಡುಗಿಯಲ್ಲಿ ಅದು ಮುಚ್ಚಿರಬಹುದು, ಅದೇ ವಯಸ್ಸಿನ ಹುಡುಗನಲ್ಲಿ ತೆರೆದಿರಬಹುದು. ಮೊಣಕೈಯ ಪುಟ ಬರೆದಾಗಿದೆ, ಡಾಕ್ಟರ ಕೆಂಪು ಗುರುತುಗಳಿಗೆ ಕಾಯುತ್ತಿದೆ.